ಕೊತ್ತಂಬರಿಗೆ ಲಾರಿ

ಟಿವಿಯ ಬುದ್ಧಿ ಎರಡೇ ವರ್ಷಕ್ಕೆ ಮಂಕಾಯಿತು.
ಒಂದು ಹಾಡು ಕೇಳಿದರೆ
ಗಿರಗಿರ ಸುತ್ತುವ ಬಳೆ ತೋರಿಸಿ ಕೂತುಬಿಡುತ್ತಿತ್ತು.
ನನ್ನ ಕೋಣೆಯ ಯಂತ್ರವನ್ನೇ ಎತ್ತಿ ತಂದೆ ಹಾಲ್‌ಗೆ.
ಮಗು ಹುಟ್ಟಿದ ಮೇಲೆ ಅದರ ತಲೆಯ ಮೇಲೆ
ಮಡಚದ ಬಟ್ಟೆಯಷ್ಟೇ ಇರುತ್ತಿತ್ತು.

ಇಲ್ಯಾಸ್ ನಕ್ಕ: "ಭಾಯ್,
ಎರಡು ಕಟ್ಟು ಕೊತ್ತಂಬರಿ ಸಾಗಿಸೋಕೆ
ಹತ್ತು ಚಕ್ರದ ಲಾರಿನಾ?"

ನಿಜ. ಇಪ್ಪತ್ತು ತಿಂಗಳ ಕಂತು,
ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ಪಕ್ಕ ಗೂಡಂಗಡಿಯಲ್ಲಿ
ಒಡೆದ ಡಿಸ್‌ಪ್ಲೇ ಬದಲಿಸಿ ಬದಲಿಸಿ ತೀರಿಸಿದ್ದು.
ಎಷ್ಟು ರಾತ್ರಿ ಅದರೊಳಗೆ ಕೋಟೆ ಸುಟ್ಟಿದ್ದೇನೆ,
ಎಷ್ಟು ಸಲ ಸತ್ತು, ನೀರು ಕುಡಿದು ಬಂದು
ಮತ್ತೆ ಹುಟ್ಟಿದ್ದೇನೆ.
ಈಗ ಅದೇ ಕಾರ್ಡು, ಅದೇ ಮೂರು ಫ್ಯಾನು
ಅಮ್ಮಿಗೆ ಉಪ್ಪಿನಕಾಯಿ ಹಾಕುವ ವಿಡಿಯೋ,
ಎದುರು ಮನೆಯ ಪಾಪಕ್ಕನಿಗೆ
ನಿನ್ನೆ ಕರೆಂಟು ಹೋಗಿ ತಪ್ಪಿದ ಧಾರಾವಾಹಿ.

ಅಮ್ಮಿ ಮೊದಲ ದಿನವೇ ಕ್ರೋಶಾ ಬಟ್ಟೆ ಹೊದಿಸಿದಳು.
ಧಾರಾವಾಹಿಯ ಸೊಸೆ ಇನ್ನೇನು ಬಾಗಿಲು ತೆರೆಯಬೇಕು,
ಪೆಟ್ಟಿಗೆ ಕುದಿದು ಕಣ್ಣು ಮುಚ್ಚಿತು.
"ಉಸಿರಾಡೋಕೆ ಬಿಡಿ ಅದನ್ನ" ಎಂದೆ.
"ಹುಳದ ಹಾಗೆ ಅಂತ ಮೊದಲೇ ಹೇಳಬಾರದಾ"
ಎಂದಳು, ಬಟ್ಟೆ ಮಡಚುತ್ತ.

ಅದರ ಹೊಟ್ಟೆಯೊಳಗಿನ ದೀಪ ಆರಿಸುವುದು ಎಲ್ಲೋ,
ನನಗೇ ಮರೆತಿದೆ. ನೀಲಿ, ನೇರಳೆ, ಹಸಿರು.
ಮಗು ಅದನ್ನೇ ನೋಡುತ್ತ ರಾಗಿ ಸರಿ ನುಂಗುತ್ತದೆ,
ಪರದೆಯ ಕಡೆ ತಿರುಗುವುದೂ ಇಲ್ಲ.

ಅಬ್ಬಾನಿಗೆ ಮೌಸು ಒಗ್ಗಲಿಲ್ಲ.
ಬಾಣ ಮೂಲೆಗೆ ಓಡಿ ಅಡಗುತ್ತಿತ್ತು, ಅವರು ಬೈಯುತ್ತಿದ್ದರು.
ಕೊನೆಗೆ ಆಟದ ಕಂಟ್ರೋಲರನ್ನು ಕೈಗಿಟ್ಟೆ.
ನಲವತ್ತು ವರ್ಷ ಕುದಿನೀರಿನ ಬಾಂಡ್ಲಿಯಲ್ಲಿ
ಗೂಡಿನ ಎಳೆಯ ತುದಿ ಹುಡುಕಿದ ಹೆಬ್ಬೆರಳು,
ಬೆಳ್ಳಗೆ ಸುಕ್ಕಿ, ಬಿಸಿ ತಿಳಿಯದಂತಾದದ್ದು,
ಕಡ್ಡಿಯ ಮೇಲೆ ಕೂತಿತು, ತುಸು ಒತ್ತಿತು.
ಸಿಕ್ಕಿತು ಎಂಬಂತೆ ಅವರು ಸುಮ್ಮನಾದರು.
ಸುದ್ದಿ, ಕವ್ವಾಲಿ, ಯಾರದೋ ಹಜ್ ಯಾತ್ರೆ
ಒಂದರ ಬೆನ್ನಿಗೊಂದು ಬಿಚ್ಚಿಕೊಂಡವು, ಎಳೆ ಕಡಿಯದೆ.

ರೀಲಿಂಗ್ ಯಂತ್ರದ ಸದ್ದಿಗೆ ಅರ್ಧ ಕಿವಿ ಹೋಗಿದೆ ಅವರಿಗೆ.
ಆದರೂ ಒಂದು ಸಂಜೆ: "ಒಂದರ ಬೇರಿಂಗು ಹೋಗಿದೆ, ನೋಡು."
ಬಿಚ್ಚಿದೆ.
ಎರಡನೆಯ ಫ್ಯಾನು. ಹೋಗಿತ್ತು.

ಆಮೇಲೆ ಬಂತು ಇಲ್ಯಾಸನ ನಿಖಾಹ್,
ಡ್ರೋನ್ ಹಾರಿಸಿ ತೆಗೆದದ್ದು, ಐದೂವರೆ ಗಂಟೆ.
ಡಿಸ್ಕಿನಲ್ಲಿ ಜಾಗವಿಲ್ಲ. ತೆಗೆಯಬಹುದಾದದ್ದು ಒಂದೇ,
ನಾನು ಅರ್ಧಕ್ಕೆ ಬಿಟ್ಟ ದೊಡ್ಡ ಆಟ.
ಅದರೊಳಗೆ ಹೊಳೆಯ ಈಚೆ ದಡದಲ್ಲಿ
ನಾನು ಇಳಿದುಹೋದಲ್ಲೇ ಒಂದು ಕುದುರೆ
ಜೀನು ಸಮೇತ ಎರಡು ವರ್ಷದಿಂದ ನಿಂತಿದೆ.
ಭಾನುವಾರ ಅಳಿಸುವುದು ಎಂದುಕೊಂಡೆ.

ಶನಿವಾರ ಬೆಳಗಿನ ಜಾವ ನಾಲ್ಕು. ಹಾಲ್‌ನಲ್ಲಿ ಬೆಳಕು.
ಒಲೆ ಹಚ್ಚುವ ಹೊತ್ತಿಗೆ ಅಬ್ಬಾನಿಗೆ ಈಗಲೂ ಎಚ್ಚರವಾಗುತ್ತದೆ,
ಒಲೆ, ರಾಟೆ ಎಲ್ಲ ಮಾರಿ ಮೂರು ವರ್ಷವಾದರೂ.
ಯಾವ ಗುಂಡಿ ಒತ್ತಿದ್ದರೋ, ಆಟ ತೆರೆದಿತ್ತು.
ಸದ್ದು ಪೂರ್ತಿ ಇಳಿಸಿದ್ದರು, ಮಗು ಏಳದಿರಲಿ ಎಂದು.
ಕುದುರೆ ಹೊಳೆ ದಾಟಿತ್ತು.

ಆಚೆ ಏನಿದೆಯೆಂದು ನಾನು ನೋಡಿದವನಲ್ಲ.
ಹುಲ್ಲು. ಮಂಜು. ಇನ್ನಷ್ಟು ಹುಲ್ಲು.
ಬೆನ್ನಿಗೆ ಬಂದೂಕಿತ್ತು, ಮುಟ್ಟಿರಲಿಲ್ಲ.
ಎದುರಿಂದ ಒಬ್ಬ ಸವಾರ ಬಂದ.
ನಾನಾಗಿದ್ದರೆ ಗುಂಡು ಹಾರಿಸುತ್ತಿದ್ದೆ.
ಅಬ್ಬಾ ದಿಬ್ಬೂರಹಳ್ಳಿ ರಸ್ತೆಯಲ್ಲಿ
ಗೂಡಿನ ಟೆಂಪೋ ಎದುರಾದಾಗ ಸರಿಯುವ ಹಾಗೆ
ಎಡಕ್ಕೆ ಸರಿದು ದಾರಿ ಬಿಟ್ಟರು.

"ಒಂದು ಕಡ್ಡಿ ಹಿಪ್ಪುನೇರಳೆ ಇಲ್ಲವಲ್ಲೋ ಇಲ್ಲಿ"
ಎಂದರು, ನನ್ನತ್ತ ತಿರುಗದೆ.
"ಇಷ್ಟು ಜಮೀನು ಬೀಳು ಬಿಟ್ಟಿದ್ದಾರೆ."

ನಿಖಾಹ್ ಇನ್ನೂ ನನ್ನ ಅಂಗಡಿಯ ಡ್ರಾಯರಿನಲ್ಲಿದೆ,
ಪೆನ್‌ಡ್ರೈವಿನೊಳಗೆ, ಹಳೆಯ ಚಾರ್ಜರುಗಳ ಕೆಳಗೆ.
ಇಲ್ಯಾಸನ ಹೆಂಡತಿ ಬಂದಾಗಲೆಲ್ಲ ಕೇಳುತ್ತಾಳೆ.
ಜಾಗ ಇಲ್ಲ ಎನ್ನುತ್ತೇನೆ.